ಕವಿ ಪೆಂಡಾಲು ಹಾಕಿಸಬಾರದೇ?

‘ಕಳೆದ ಸಂಚಿಕೆಯಲ್ಲಿ ಮಲಯಾಳದ ಕವಿ ಕೆ. ಸಚ್ಚಿದಾನಂದನ್ ಅವರ ಬಗ್ಗೆ ಬಂದ ಲೇಖನ ಓದಿದೆ. ಉತ್ಸವ ನಡೆಸುವ ಉಸಾಬರಿ ಕವಿಗೇಕೆ? ಪದವಿಯ ಬೆನ್ನು ಹತ್ತಿದವರು ಕವಿತೆ ಬರೆಯುವುದು ಯಾವಾಗ?’
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

‘ಉಸಾಬರಿ’ ಎಂಬ ಮಾತು ಹಿಡಿಸಿತು. ಪತ್ರಿಕೆ ನಡೆಸುವವನಿಗೆ ಅದರ ಭಾರ ಗೊತ್ತು. ಆದರೆ ಸಚ್ಚಿದಾನಂದನ್ ಅದನ್ನು ಹೆಗಲಿಗೇರಿಸಿಕೊಂಡದ್ದು ಇಳಿವಯಸ್ಸಿನಲ್ಲಲ್ಲ. 1946ರಲ್ಲಿ ಕೊಡುಂಗಲ್ಲೂರಿನ ಬಳಿ ಹುಟ್ಟಿದ ಅವರು ಇರಿಂಞಾಲಕ್ಕುಡದ ಕ್ರೈಸ್ಟ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು. ನೆರೂಡ, ಬ್ರೆಖ್ಟ್ ಮೊದಲಾದವರನ್ನು ಮಲಯಾಳಕ್ಕೆ ತಂದರು. 1992ರಲ್ಲಿ ಮೇಷ್ಟರಿಕೆ ಬಿಟ್ಟು ದೆಹಲಿಗೆ ಹೋಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ‘ಇಂಡಿಯನ್ ಲಿಟರೇಚರ್’ ಪತ್ರಿಕೆಯ ಸಂಪಾದಕರಾದರು. 1996ರಿಂದ 2006ರವರೆಗೆ ಅಕಾಡೆಮಿಯ ಕಾರ್ಯದರ್ಶಿ. ಪರಭಾಷೆಯ ಕವಿಯನ್ನು ತಮ್ಮ ಜಗಲಿಗೆ ಕರೆದು ಕೂರಿಸುವ ಚಾಳಿ ಹಳೆಯದು. 2016ರಲ್ಲಿ ಕಲ್ಲಿಕೋಟೆಯ ಕಡಲ ದಂಡೆಯಲ್ಲಿ ಅವರ ನಿರ್ದೇಶನದಲ್ಲಿ ಶುರುವಾದ ಕೇರಳ ಲಿಟರೇಚರ್ ಫೆಸ್ಟಿವಲ್‌ನಲ್ಲಿ ಜಗಲಿ ದೊಡ್ಡದಾಯಿತು, ಅಷ್ಟೆ. ಕವಿತೆಯೂ ನಿಲ್ಲಲಿಲ್ಲ: ‘ಮರನ್ನು ವಚ್ಚ ವಸ್ತುಕ್ಕಳ್’ ಸಂಕಲನಕ್ಕೆ 2012ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು.

ನಮ್ಮ ಸಮ್ಮೇಳನಾಧ್ಯಕ್ಷರಿಗಾದರೆ ಪೇಟ, ಮೆರವಣಿಗೆ. ಫೆಸ್ಟಿವಲ್ ನಿರ್ದೇಶಕರಿಗೆ ಸಿಗುವುದು ಕರೆಯದೆ ಬಿಟ್ಟವರ ಮುನಿಸು. ಉತ್ಸವದ ಹಿಂದಿರುವುದು ಡಿ.ಸಿ. ಕಿಳಕ್ಕೇಮುರಿ ಫೌಂಡೇಶನ್, ಅಂದರೆ ಕೇರಳದ ಪ್ರಕಾಶನ ಸಂಸ್ಥೆ ಡಿ.ಸಿ. ಬುಕ್ಸ್‌ನ ಮನೆಯವರೇ. ಅಲ್ಲಿ ಪುಸ್ತಕ ವ್ಯಾಪಾರದ ಲೆಕ್ಕವೇ ಇಲ್ಲ ಎಂದರೆ ನೀವು ನಗುತ್ತೀರಿ, ನಾನೂ ನಗುತ್ತೇನೆ.

ಪದವಿಯ ಆಸೆ ಎಂದಿರಿ. ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಅವರು ಅಕಾಡೆಮಿ ಪ್ರಶಸ್ತಿ ಪಡೆದವರು. ಆದರೂ ಅಕಾಡೆಮಿ ಗಟ್ಟಿ ದನಿ ಎತ್ತಲಿಲ್ಲವೆಂದು ಸಚ್ಚಿದಾನಂದನ್ ಅಕ್ಟೋಬರಿನಲ್ಲಿ ಅದರ ಸಾಮಾನ್ಯ ಮಂಡಳಿ, ಕಾರ್ಯಕಾರಿ ಮಂಡಳಿ ಎಲ್ಲದರಿಂದಲೂ ಹೊರಬಂದರು. ಕನ್ನಡದವರೂ ಪ್ರಶಸ್ತಿ ಮರಳಿಸಿದರು, ನಿಜ. ಆದರೂ ನಮ್ಮ ವಿದ್ವಾಂಸರೊಬ್ಬರಿಗಾಗಿ ಪಕ್ಕದ ಭಾಷೆಯ ಕವಿ, ತಾನು ಹತ್ತು ವರ್ಷ ಕಾರ್ಯದರ್ಶಿಯಾಗಿದ್ದ ಮನೆಯಿಂದಲೇ ಎದ್ದು ಬಂದದ್ದನ್ನು ನಾನು ಮರೆಯಲಾರೆ. ಲೇಖನದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು. ತಪ್ಪು ನಮ್ಮದು.

ಅವರನ್ನು ತರಾಟೆಗೆ ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ನಿಮಗೆ ಸಿಗುತ್ತಿತ್ತು. 2024ರಲ್ಲಿ, ಅವರು ಕೇರಳ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗ, ಅದೇ ಅಕಾಡೆಮಿ ತ್ರಿಶೂರಿನಲ್ಲಿ ನಡೆಸಿದ ಉತ್ಸವದಲ್ಲಿ ಉಪನ್ಯಾಸ ಕೊಟ್ಟ ಕವಿ ಬಾಲಚಂದ್ರನ್ ಚುಳ್ಳಿಕ್ಕಾಡ್ ಅವರ ಕೈಗೆ ಬಂದದ್ದು 2,400 ರೂಪಾಯಿ. ಟ್ಯಾಕ್ಸಿಗೇ 3,500 ಆಯಿತು, ಉಳಿದದ್ದನ್ನು ತನ್ನ ಜೇಬಿನಿಂದ ಕೊಟ್ಟೆ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಕಚೇರಿಯ ನಿಯಮ ಏನೇ ಇರಲಿ, ಅಧ್ಯಕ್ಷರ ಕುರ್ಚಿಯಲ್ಲಿ ಕವಿಯೇ ಕೂತಿರುವಾಗ ಇನ್ನೊಬ್ಬ ಕವಿಗೆ ಹೀಗಾಗಬಾರದಿತ್ತು.

ಇಷ್ಟು ಬರೆದ ಮೇಲೆ, ನಮ್ಮ ಪತ್ರಿಕೆ ಒಂದು ಕವಿತೆಗೆ ಎಷ್ಟು ಸಂಭಾವನೆ ಕೊಡುತ್ತದೆ ಎಂದು ಮಾತ್ರ ಮುಂದಿನ ಕಾಗದದಲ್ಲಿ ಕೇಳಬೇಡಿ. ಆ 2,400 ತುಂಬಾ ದೊಡ್ಡದಾಗಿ ಕಂಡೀತು.