ಇಂಗ್ಲಿಷ್ ಕವಿ ಕೋಲ್‌ರಿಜ್‌ನ ‘ದಿ ರೈಮ್ ಆಫ್ ದಿ ಏನ್ಶಿಯೆಂಟ್ ಮ್ಯಾರಿನರ್’ ಕಾವ್ಯದಲ್ಲಿ ನಾವಿಕ ಆಲ್ಬಟ್ರಾಸ್ ಹಕ್ಕಿಯನ್ನು ಕೊಂದದ್ದೇಕೆ?

ಕಾವ್ಯ ಇದಕ್ಕೆ ಕಾರಣವನ್ನೇ ಕೊಡುವುದಿಲ್ಲ. ಅದು ಕವಿಯ ಮರೆವಲ್ಲ. ದಕ್ಷಿಣ ಸಾಗರದ ಹಿಮಗಡ್ಡೆಗಳ ನಡುವೆ ಸಿಲುಕಿದ ಹಡಗಿಗೆ ಬಂದ ಹಕ್ಕಿ, ನಾವಿಕರು ಕೊಟ್ಟ ತಿನಿಸು ತಿಂದು, ಕೂಗಿದರೆ ಬರುವಷ್ಟು ಒಗ್ಗಿಕೊಂಡಿರುತ್ತದೆ. ಮೊದಲ ಭಾಗದ ಕೊನೆಯಲ್ಲಿ, ಈ ಕಥೆ ಹೇಳುತ್ತಿರುವ ಮುದಿ ನಾವಿಕ, ಅದನ್ನು ಅಡ್ಡಬಿಲ್ಲಿನಿಂದ ಹೊಡೆದೆನೆಂದಷ್ಟೇ ಹೇಳಿ ನಿಲ್ಲಿಸುತ್ತಾನೆ.

ಈ ಪ್ರಸಂಗವನ್ನು ಕೋಲ್‌ರಿಜ್‌ಗೆ ಸೂಚಿಸಿದವನು ಅವನ ಗೆಳೆಯ, ಕವಿ ವರ್ಡ್ಸ್‌ವರ್ತ್. 1726ರಲ್ಲಿ ಪ್ರಕಟವಾದ ಜಾರ್ಜ್ ಶೆಲ್ವಾಕ್‌ನ ಸಮುದ್ರಯಾನದ ಕಥನದಲ್ಲಿ ಹ್ಯಾಟ್ಲಿ ಎಂಬ ಅಧಿಕಾರಿ ಕರಿಯ ಆಲ್ಬಟ್ರಾಸ್ ಒಂದನ್ನು ಅಪಶಕುನವೆಂದು ಭಾವಿಸಿ, ಅನುಕೂಲದ ಗಾಳಿ ಬೀಸಲೆಂಬ ಆಸೆಯಿಂದ ಕೊಲ್ಲುತ್ತಾನೆ. 1798ರಲ್ಲಿ ‘ಲಿರಿಕಲ್ ಬ್ಯಾಲಡ್ಸ್’ ಕವನಸಂಕಲನದಲ್ಲಿ ಕಾವ್ಯ ಪ್ರಕಟವಾದಾಗ ಆ ಕಾರಣ ಅದರಲ್ಲಿರಲಿಲ್ಲ.

ಕಾರಣ ಹುಡುಕುವವರು ಜೊತೆಗಾರರು. ಗಾಳಿ ತಂದ ಹಕ್ಕಿಯನ್ನು ಕೊಂದನೆಂದು ಮೊದಲು ಬೈದವರು, ಕಾವಳ ಕಳೆದು ಸೂರ್ಯ ಕಂಡೊಡನೆ, ಕಾವಳ ತಂದ ಹಕ್ಕಿಯನ್ನು ಕೊಂದದ್ದೇ ಸರಿ ಎನ್ನುತ್ತಾರೆ. 1817ರಲ್ಲಿ ಕವಿ ಅಂಚಿನಲ್ಲಿ ಸೇರಿಸಿದ ಗದ್ಯ ಟಿಪ್ಪಣಿಯ ಪ್ರಕಾರ, ಹೀಗೆ ಸಮರ್ಥಿಸಿದ್ದರಿಂದ ಅವರೂ ಅಪರಾಧದಲ್ಲಿ ಪಾಲುದಾರರಾದರು. ಮುಂದೆ ಹಡಗಿನಲ್ಲೇ ಸಾಯುವ ಆ 200 ಮಂದಿ ಜೊತೆಗಾರರ ಸಾವಿಗೆ ಇಷ್ಟೇ ನ್ಯಾಯ ಸಾಕೆಂದು ನನಗಂತೂ ಅನ್ನಿಸುವುದಿಲ್ಲ.

ನಾಲ್ಕನೆಯ ಭಾಗದಲ್ಲಿ ನಾವಿಕ ಬೆಳದಿಂಗಳಲ್ಲಿ ನೀಲಿ, ಹೊಳೆವ ಹಸಿರು, ಕಪ್ಪು ಬಣ್ಣದ ನೀರುಹಾವುಗಳನ್ನು ಕಂಡು ತನಗೇ ಅರಿವಿಲ್ಲದೆ ಹರಸಿದಾಗ, ಜೊತೆಗಾರರು ಅವನ ಕೊರಳಿಗೆ ತೂಗುಹಾಕಿದ್ದ ಆ ಸತ್ತ ಹಕ್ಕಿ ಕಳಚಿ ಸಮುದ್ರಕ್ಕೆ ಬೀಳುತ್ತದೆ. ಕೊಲೆಗೊಂದು ಉದ್ದೇಶವಿದ್ದಿದ್ದರೆ, ಉದ್ದೇಶವೇ ಇಲ್ಲದೆ ಹೊಮ್ಮಿದ ಈ ಹಾರೈಕೆ ಅದಕ್ಕೆ ಸರಿಜೋಡಿಯಾಗಿ ನಿಲ್ಲುತ್ತಿರಲಿಲ್ಲ.