ಹಿತ್ತಲಿನ ರಕೂನ್, ಮನೆಯ ಬೆಕ್ಕು ಮತ್ತು ಬೋನು

ಪ್ರಶ್ನೆ: ನಾವು ಕೆನಡಾದ ಮಿಸಿಸಾಗಾದಲ್ಲಿ ನೆಲೆಸಿದ್ದೇವೆ. ರಾತ್ರಿ ರಕೂನ್ (ಕಣ್ಣಿನ ಸುತ್ತ ಕಪ್ಪು ಪಟ್ಟೆಯಿರುವ, ಬೆಕ್ಕಿಗಿಂತ ದೊಡ್ಡ ಕಾಡುಪ್ರಾಣಿ) ಬಂದು ಕಸದ ಡಬ್ಬಿ ಉರುಳಿಸುತ್ತದೆ, ಹಿತ್ತಲಿನ ಡೆಕ್‌ನ (ಮರದ ಜಗಲಿಯ) ಹಲಗೆಯನ್ನೂ ಕಿತ್ತಿದೆ. ಬೋನು ಇಟ್ಟರೆ ನಮ್ಮ ಬೆಕ್ಕೋ ನಾಯಿಯೋ ಸಿಕ್ಕಿಬಿದ್ದೀತೆಂಬ ಭಯ. ಏನು ಮಾಡಬೇಕು?

ಉತ್ತರ: ನಿಮ್ಮ ಭಯ ಸಕಾರಣವಾದದ್ದು. ಮೀನು ಅಥವಾ ಮಾಂಸವಿಟ್ಟ ಬೋನಿಗೆ ಮೊದಲು ನುಗ್ಗುವುದು ಬೆಕ್ಕೇ, ನಿಮ್ಮದಲ್ಲದಿದ್ದರೆ ನೆರೆಮನೆಯದು. ಅದರ ಬದಲು ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಕ್ಕರೆ ಮಿಠಾಯಿ ಇಡಿ. ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯದು, ರಕೂನಿಗೆ ಅದು ಬಲು ಪ್ರಿಯ. ನಾಯಿ ಮಾತ್ರ ಸಿಹಿಯನ್ನೂ ಬಿಡುವುದಿಲ್ಲವಾದ್ದರಿಂದ, ಅದಕ್ಕೆ ವಿಷವಾದ ಕ್ಸೈಲಿಟಾಲ್ ಎಂಬ ಸಿಹಿಕಾರಕ ಬೆರೆತ ಸಕ್ಕರೆರಹಿತ ತಿನಿಸನ್ನು ಎಂದಿಗೂ ಇಡಬೇಡಿ. ಕತ್ತಲಾಗುವ ಮುನ್ನ ಬೆಕ್ಕು, ನಾಯಿ ಎರಡನ್ನೂ ಒಳಗೆ ಕರೆದುಕೊಂಡ ಮೇಲೆಯೇ ಬೋನಿನ ಬಾಗಿಲು ಹೂಡಿ, ಬೆಳಗಾಗುತ್ತಲೇ ಇಳಿಸಿಬಿಡಿ.

ಕಾಲನ್ನು ಹಿಡಿಯುವ ಕತ್ತರಿಬೋನು ಬೇಡವೇ ಬೇಡ. ಸುಮಾರು 32 ಅಂಗುಲ ಉದ್ದದ ತಂತಿಜಾಲದ ಬೋನು ಸಾಕು, ಅದರಲ್ಲಿ ಬೆಕ್ಕು ಬಿದ್ದರೂ ಬಾಗಿಲು ತೆಗೆದರಾಯಿತು. ಸಿಕ್ಕಿಬಿದ್ದ ರಕೂನ್ ಐದು ಬೆರಳಿನ ಕೈಯನ್ನು ಜಾಲದಿಂದ ಹೊರಚಾಚಿ ಸುತ್ತಲಿನ ಹುಲ್ಲು, ಮಣ್ಣು, ಎಟುಕಿದ್ದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಮೂಸಲು ಬಂದ ನಾಯಿಯ ಮೂತಿಯೂ ಆ ಉಗುರಿಗೆ ಸಿಕ್ಕೀತು. ಬೋನಿನ ಮೇಲೆ ಹಳೆಯ ಹೊದಿಕೆಯೊಂದನ್ನು ಹಾಕಿದರೆ ಪ್ರಾಣಿ ಶಾಂತವಾಗುತ್ತದೆ.

ಆದರೂ ಬೋನನ್ನು ಕಡೆಯ ಉಪಾಯವಾಗಿಯೇ ಇಟ್ಟುಕೊಳ್ಳಿ ಎನ್ನುತ್ತೇನೆ. ನಿಮ್ಮ ಪ್ರಾಂತ್ಯವಾದ ಒಂಟಾರಿಯೊದ ನಿಯಮದಂತೆ ಹಿಡಿದ ರಕೂನನ್ನು 24 ಗಂಟೆಯೊಳಗೆ, 1 ಕಿಲೋಮೀಟರ್ ವ್ಯಾಪ್ತಿಯಲ್ಲೇ ಬಿಡಬೇಕು. ಅಂದರೆ ಅದು ಮತ್ತೆ ನಿಮ್ಮ ಹಿತ್ತಲಿಗೇ ಮರಳಬಹುದು. ವಸಂತದಲ್ಲಿ ತಾಯಿಯನ್ನು ಹಿಡಿದೊಯ್ದರಂತೂ ಡೆಕ್ ಕೆಳಗಿನ ಮರಿಗಳು ಹಸಿದು ಸಾಯುತ್ತವೆ, ಇದು ಆಗಕೂಡದು. ಕಸದ ಡಬ್ಬಿಗೆ ಚಿಲಕ ಹಾಕಿ, ಸಾಕುಪ್ರಾಣಿಗಳ ಊಟದ ತಟ್ಟೆಯನ್ನು ಹೊರಗಿಡುವುದನ್ನು ನಿಲ್ಲಿಸಿ, ಡೆಕ್ ಕೆಳಗೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಂಡು ಸಂದನ್ನು ಜಾಲರಿಯಿಂದ ಮುಚ್ಚಿ.

ರಕೂನ್ ಹಿಕ್ಕೆ ಹಾಕುವ ಜಾಗಕ್ಕೆ ನಾಯಿಯನ್ನೂ ಮಕ್ಕಳನ್ನೂ ಬಿಡಬೇಡಿ. ಅದರಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಕೆಲವು ವಾರಗಳಲ್ಲಿ ಸೋಂಕು ಹರಡುವಷ್ಟು ಬಲಿಯುತ್ತವೆ, ಸಾಮಾನ್ಯ ಕ್ರಿಮಿನಾಶಕಕ್ಕೆ ಜಗ್ಗುವುದಿಲ್ಲ. ಹಿಕ್ಕೆಯನ್ನು ಕೈಗವಸು ಹಾಕಿಕೊಂಡು ತೆಗೆದು, ಅಲ್ಲಿಗೆ ಕುದಿಯುವ ನೀರು ಸುರಿಯಬೇಕು. ಮೂರು ತಿಂಗಳು ಮೀರಿದ ಬೆಕ್ಕು-ನಾಯಿಗಳಿಗೆ ರೇಬಿಸ್ ಲಸಿಕೆ ಒಂಟಾರಿಯೊದಲ್ಲಿ ಕಡ್ಡಾಯವೆಂಬುದು ನಿಮಗೆ ತಿಳಿದೇ ಇರಬಹುದು. ಲಸಿಕೆಯಾಗಿದ್ದರೂ ರಕೂನಿನೊಡನೆ ಕಚ್ಚಾಟವಾದರೆ ಗಾಯವನ್ನು ಬರಿಗೈಯಲ್ಲಿ ಮುಟ್ಟದೆ, ಅದೇ ದಿನ ಪಶುವೈದ್ಯರಿಗೆ ತೋರಿಸಿ.