ಶರದೃತುವಿನ ಆಕಾಶ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹವ್ಯಾಸಿ ಖಗೋಳ ಬಳಗದ 8 ಇಂಚಿನ ಡಾಬ್ಸನ್ ದೂರದರ್ಶಕವನ್ನು ನವೆಂಬರ್‌ನಲ್ಲಿ ಶಾಲೆ ಮೈದಾನದಲ್ಲಿ ಇಟ್ಟರೆ ಗಂಟೆಯೊಳಗೆ ಎಲ್ಲವೂ ಮಸುಕಾಗುತ್ತದೆ. ಕನ್ನಡಿ ಕೆಟ್ಟಿದೆಯೇ?
– ಓದುಗರು, ಸಕಲೇಶಪುರ

ಕೆಟ್ಟಿಲ್ಲ, ಇಬ್ಬನಿ ಕೂತಿದೆ. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ಮುಖಮಾಡಿದ ಗಾಜು ಶಾಖ ಕಳೆದುಕೊಂಡು ಗಾಳಿಗಿಂತಲೂ ತಣ್ಣಗಾಗುತ್ತದೆ. ಮಲೆನಾಡಿನ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಆಕಾಶ ಶುಭ್ರವಾದಷ್ಟೂ ಕಾಟ ಜಾಸ್ತಿ. ಮೊದಲು ಮಸುಕಾಗುವುದು ಫೈಂಡರ್ (ಗುರಿ ಹಿಡಿಯುವ ಪುಟ್ಟ ದೂರದರ್ಶಕ) ಮತ್ತು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ), ಆಮೇಲೆ ಕೊಳವೆಯ ಬಾಯಿ ಹತ್ತಿರದ ಚಿಕ್ಕ ಕನ್ನಡಿ. ತಳದ ದೊಡ್ಡ ಕನ್ನಡಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಇಬ್ಬನಿ ತಡೆಯಲು, ಯೋಗ ಮಾಡುವ ಕಪ್ಪು ಫೋಮ್ ಚಾಪೆಯಿಂದ 31 ಇಂಚು ಉದ್ದ, 16 ಇಂಚು ಅಗಲದ ತುಂಡು ಕತ್ತರಿಸಿ ಕೊಳವೆಗೆ ಸುತ್ತಿ, ವೆಲ್ಕ್ರೊ ಪಟ್ಟಿಯಿಂದ ಬಿಗಿಯಿರಿ. 4 ಇಂಚು ಕೊಳವೆಯ ಮೇಲಿರಲಿ, 12 ಇಂಚು ಮುಂದೆ ಚಾಚಲಿ. ಮುಂಭಾರವಾಗಿ ಕೊಳವೆ ಬಾಗಿದರೆ ಹಿಂಬದಿಗೆ ಅಯಸ್ಕಾಂತದ ತುಂಡು ಅಂಟಿಸಿ. ಬಳಸದ ಐಪೀಸ್‌ಗಳು ಜೇಬಿನಲ್ಲಿ ಬೆಚ್ಚಗಿರಲಿ. ಮಸುಕಾದ ಕನ್ನಡಿಯನ್ನು ಬಟ್ಟೆಯಿಂದ ಮಾತ್ರ ದಯವಿಟ್ಟು ಒರೆಸಬೇಡಿ. ಧೂಳು ಉಜ್ಜಿ ಅಲ್ಯೂಮಿನಿಯಂ ಲೇಪಕ್ಕೆ ಗೀರು ಬೀಳುತ್ತದೆ, ಅದು ಹೋಗುವುದಿಲ್ಲ. ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿಯನ್ನು ದೂರದಿಂದ ಹಾಯಿಸಿದರೆ ಸಾಕು. ಮನೆಗೆ ಬಂದ ಕೂಡಲೇ ಮುಚ್ಚಳ ಹಾಕಬೇಡಿ. ಕೊಳವೆಯನ್ನು ಅಡ್ಡ ಮಲಗಿಸಿ ಪೂರ್ತಿ ಒಣಗಲು ಬಿಡಿ. ಒದ್ದೆಯಿರುವಾಗಲೇ ಮುಚ್ಚಿಟ್ಟರೆ ನಿಮ್ಮೂರಿನ ಹವೆಗೆ ಬೂಷ್ಟು ಹಿಡಿಯುವುದು ಖಂಡಿತ.

ಪ್ರಶ್ನೆ: ನೂರು ಮಕ್ಕಳು, ಒಂದೇ ದೂರದರ್ಶಕ. ಯಾವ ದಿನ ಇಟ್ಟುಕೊಳ್ಳಲಿ?
– ಶಿಕ್ಷಕಿ, ಅರಸೀಕೆರೆ

ದೀಪಾವಳಿ ಅಮಾವಾಸ್ಯೆ ಕಳೆದು ಒಂದು ವಾರಕ್ಕೆ, ಶುಕ್ಲ ಅಷ್ಟಮಿಯ ಆಸುಪಾಸಿನಲ್ಲಿ. ಕತ್ತಲಾಗುವ ಹೊತ್ತಿಗೇ ಚಂದ್ರ ಎತ್ತರದಲ್ಲಿರುತ್ತಾನೆ, ಬೆಳಕು–ನೆರಳಿನ ಗಡಿಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಹುಣ್ಣಿಮೆಯಲ್ಲಿ ನೆರಳೇ ಇಲ್ಲದೆ ಎಲ್ಲ ಚಪ್ಪಟೆ. ಮಳೆ ಬಂದರೆಂದು ಮರುದಿನವನ್ನೂ ಕಾದಿರಿಸಿ.

ಮಗುವಿಗೆ 40 ಸೆಕೆಂಡಿನಂತೆ ಲೆಕ್ಕ ಹಾಕಿದರೂ ಒಂದು ಗಂಟೆ ಏಳು ನಿಮಿಷ ಬೇಕು. 1200 ಮಿ.ಮೀ. ನಾಭಿದೂರದ ಡಾಬ್ಸನ್‌ಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು ದೊಡ್ಡದಾಗಿ ಕಾಣುತ್ತದೆ. ಭೂಮಿ ತಿರುಗುವುದರಿಂದ ನೋಡುವ ವಸ್ತು ಸುಮಾರು ನಾಲ್ಕು ನಿಮಿಷದಲ್ಲಿ ನೋಟದ ಅಂಚಿನಿಂದ ಅಂಚಿಗೆ ಸರಿದುಹೋಗುತ್ತದೆ. ಪ್ರತಿ ಮೂರು ಮಕ್ಕಳಿಗೊಮ್ಮೆ ನಡುವಿಗೆ ತನ್ನಿ. ಇಲ್ಲದಿದ್ದರೆ ಸಾಲಿನ ಕೊನೆಯ ಮಗು ಖಾಲಿ ಆಕಾಶ ನೋಡಿ, ನಾಚಿಕೆಗೆ ‘ಕಾಣಿಸ್ತು ಮಿಸ್’ ಎಂದು ಹೋಗಿಬಿಡುತ್ತದೆ. ‘ಏನು ಕಾಣಿಸ್ತು?’ ಎಂದು ಕೇಳಲೇಬೇಕು. ಪಕ್ಕದಲ್ಲಿ ಬೆನ್ನಿರುವ ಕುರ್ಚಿ ಇಡಿ. ಹಿಡಿಯಲು ಏನೂ ಇಲ್ಲದಿದ್ದರೆ ಮಕ್ಕಳು ಐಪೀಸನ್ನೇ ಹಿಡಿಯುತ್ತಾರೆ.

ತಾರಸಿ ಬೇಡ, ಹಗಲು ಕಾದ ಕಾಂಕ್ರೀಟಿನ ಬಿಸಿಗೆ ಚಿತ್ರ ನಡುಗುತ್ತದೆ. ಹುಲ್ಲಿನ ನೆಲವೇ ಒಳ್ಳೆಯದು.

ಪ್ರಶ್ನೆ: ಆಂಡ್ರೊಮಿಡಾ ಗ್ಯಾಲಕ್ಸಿ ಹುಡುಕುವುದು ಹೇಗೆ?
– ವಿದ್ಯಾರ್ಥಿ, ಕಡೂರು

ನವೆಂಬರ್ ಮೊದಲ ವಾರ ರಾತ್ರಿ 9ಕ್ಕೆ ನೆತ್ತಿಯ ಮೇಲೆ ದೊಡ್ಡ ಚೌಕ ನೋಡಪ್ಪ. ಅದರ ಪಶ್ಚಿಮದ ಎರಡು ನಕ್ಷತ್ರಗಳು ಪೂರ್ವಾಭಾದ್ರ, ಪೂರ್ವದ ಎರಡು ಉತ್ತರಾಭಾದ್ರ. ಚೌಕದ ಈಶಾನ್ಯ ಮೂಲೆಯಿಂದ ಆಚೆಗೆ ಎರಡನೆಯ ನಕ್ಷತ್ರ ಮಿರಾಕ್. ಅಲ್ಲಿಂದ ಉತ್ತರಕ್ಕೆ ತಿರುಗಿ ಎರಡು ಮಂಕು ನಕ್ಷತ್ರ ದಾಟಿದರೆ ಉದ್ದನೆಯ ಬೂದು ಕಲೆ. ಅದೇ, 25 ಲಕ್ಷ ಜ್ಯೋತಿರ್ವರ್ಷ ದೂರದ್ದು. ಫೋಟೋದ ಬಣ್ಣ ಕಣ್ಣಿಗೆ ಕಾಣದು. ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಲೆ ಇನ್ನಷ್ಟು ಅಗಲವಾಗುತ್ತದೆ. 10x50 ಬೈನಾಕ್ಯುಲರ್ ಸಾಕು. ಚಂದ್ರ ಮಧ್ಯರಾತ್ರಿಯ ಮೇಲೆ ಹುಟ್ಟುವ, ಕೃಷ್ಣ ಅಷ್ಟಮಿ ಕಳೆದ ದಿನಗಳನ್ನು ಆರಿಸಿಕೊ.